ಕಾಯಕದ ನೆಲೆಯೂ ಕಾಯದ ಆರೋಗ್ಯವೂ

(ಶ್ರೀಮಠದ ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಈ ಮಹೋತ್ಸವದ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರಿಂದ ನನಗೆ ಅಪ್ಪಣೆಯಾಯಿತು. ನಾನು ಪಂಡಿತನಲ್ಲ, ಶಾಸ್ತ್ರಗಳನ್ನು ಓದಿದವನೂ ಅಲ್ಲ. ಆಯುಷ್ಯದ ಬಹುಭಾಗವನ್ನು ಕಾರ್ಖಾನೆಗಳ ಕಚೇರಿಗಳಲ್ಲಿ ಹಾಜರಿ ಪುಸ್ತಕಗಳನ್ನು ಬರೆಯುತ್ತ ಕಳೆದ ಕಾರಕೂನನು. ಇಂಥವನು ಧರ್ಮಸಭೆಯಲ್ಲಿ ಏನು ಹೇಳಬಲ್ಲನೆಂದು ಬಿನ್ನವಿಸಿಕೊಂಡಾಗ, "ನೀವು ಕಂಡುದನ್ನೇ ಹೇಳಿರಿ" ಎಂದು ಶ್ರೀಗಳವರು ನಕ್ಕು ನುಡಿದರು. ಆದುದರಿಂದ ನಾನು ಕಂಡುದನ್ನೂ, ಕಂಡ ಬಳಿಕ ಓದಿ ತಿಳಿದುದನ್ನೂ ತಮ್ಮ ಮುಂದೆ ಇಡುತ್ತೇನೆ. ಕೆಲಸ ಮಾಡುವ ಸ್ಥಳವು ಶುದ್ಧವಾಗಿಯೂ ಆರೋಗ್ಯಕರವಾಗಿಯೂ ಇದ್ದರೆ ಕೆಲಸಗಾರರು ಬೇನೆಬಿದ್ದು ಮನೆಯಲ್ಲುಳಿಯುವ ದಿನಗಳು ಹೇಗೆ ಕಡಿಮೆಯಾಗುವವೆಂಬುದೇ ಇಂದಿನ ವಿಷಯ.

ಇದು ಕಾರ್ಖಾನೆಯವರ ಲೆಕ್ಕಾಚಾರವೇ ಹೊರತು ಮಠದ ವಿಷಯವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಕಾಯಕವೆಂಬ ಶಬ್ದದಲ್ಲಿಯೇ ಕಾಯವು ಅಡಗಿದೆಯಷ್ಟೆ. ಕಾಯವು ಬಳಲಿ ಬಿದ್ದರೆ ಕಾಯಕವೆಲ್ಲಿಯದು, ಕಾಯಕವಿಲ್ಲದ ಮೇಲೆ ದಾಸೋಹವೆಲ್ಲಿಯದು? ಬಟ್ಟೆಯ ಮಡಿಯನ್ನೇ ಕಾಯಕವಾಗಿ ಹಿಡಿದ ಮಡಿವಾಳ ಮಾಚಯ್ಯನವರನ್ನು ಸ್ಮರಿಸುವ ನಮಗೆ ನಿರ್ಮಲತೆಯು ಪರರ ವಿಷಯವಾಗಲಾರದು. ಕಾಯಕವು ಪೂಜೆಗೆ ಸಮಾನವೆಂದು ನಾವು ನಂಬುವುದು ನಿಜವಾದರೆ, ಕಾಯಕ ನಡೆಯುವ ಸ್ಥಳವನ್ನು ಪೂಜೆಯ ಕೋಣೆಯಂತೆ ಇಡುವುದೂ ನಮ್ಮ ಹೊಣೆಯೇ ಆಗಿದೆ.

ಮೊದಲು ನನ್ನ ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ. ಇಂದಿಗೆ ನಾಲ್ವತ್ತು ವರ್ಷಗಳಿಗೂ ಹಿಂದೆ, ಬಯಲುಸೀಮೆಯ ಒಂದು ಊರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ನಾನು ಹೊಸದಾಗಿ ಕಾರಕೂನನಾಗಿ ಸೇರಿದ್ದೆನು. ಊರಿನ ಹೆಸರನ್ನೂ ಧಣಿಗಳ ಹೆಸರನ್ನೂ ಹೇಳುವುದು ಬೇಡ. ಆ ವರುಷ ಸುಗ್ಗಿಯು ಚೆನ್ನಾಗಿತ್ತು, ಹತ್ತಿಯ ಬಂಡಿಗಳು ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದವು. ಬೇಸಗೆಯು ಆರಂಭವಾಗುತ್ತಲೇ ಬಾವಿಯ ನೀರು ಇಳಿಯಿತು. ಹೊರಗಿನಿಂದ ನೀರನ್ನು ತರಿಸಿ ಅಂಗಳದ ತೊಟ್ಟಿಯಲ್ಲಿ ತುಂಬಿಡುತ್ತಿದ್ದರು. ಅದೇ ಸಮಯದಲ್ಲಿ ಕೆಲಸಗಾರರು ಒಬ್ಬರ ಹಿಂದೊಬ್ಬರು ಗೈರುಹಾಜರಾಗತೊಡಗಿದರು. ಸುಗ್ಗಿಯ ವೇಳೆಯಲ್ಲಿ ಇದು ಮೈಗಳ್ಳತನವಲ್ಲದೆ ಮತ್ತೇನೂ ಅಲ್ಲವೆಂದು ಧಣಿಗಳು ಬಗೆದರು. ನಾನೂ ಹಾಗೆಯೇ ಬಗೆದೆನು. ಒಂದು ದಿನ ಬಾರದವನಿಗೆ ಎರಡು ದಿನದ ಪಗಾರವನ್ನು ಮುರಿದುಕೊಳ್ಳಲಾಗುವುದೆಂದು ಆಜ್ಞೆಯಾಯಿತು. ಆ ಆಜ್ಞೆಯನ್ನು ದುಂಡಾದ ಅಕ್ಷರಗಳಲ್ಲಿ ಬರೆದು ಬಾಗಿಲಿಗೆ ಅಂಟಿಸಿದವನು ನಾನೇ.

ಒಂದು ವಾರ ಹಾಜರಿಯು ಹೆಚ್ಚಿತು. ನಮ್ಮ ಉಪಾಯವು ಫಲಿಸಿತೆಂದು ನಾವು ಹಿಗ್ಗಿದೆವು. ಆದರೆ ಬಂದವರಲ್ಲಿ ಹಲವರು ಜ್ವರದಿಂದಲೇ ಬಂದಿದ್ದರು. ಜಿನ್ನಿಗೆ ಹತ್ತಿಯನ್ನು ಊಡುತ್ತಿದ್ದ ಒಬ್ಬ ಹೆಣ್ಣುಮಗಳು ಮೂರು ದಿನ ಮೈ ಸುಡುತ್ತಿದ್ದರೂ ಕೆಲಸಕ್ಕೆ ಬಂದು, ನಾಲ್ಕನೆಯ ದಿನ ಹತ್ತಿಯ ರಾಶಿಯ ಮೇಲೆಯೇ ಕುಸಿದಳು. ಅವಳಿಗೆ ಇಬ್ಬರು ಎಳೆಯ ಮಕ್ಕಳಿದ್ದರು. ವಿಷಮಶೀತಜ್ವರವೆಂದು ಆಸ್ಪತ್ರೆಯಲ್ಲಿ ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು. ಅವಳು ತೀರಿಕೊಂಡ ದಿನವೂ ನಾನು ಅಭ್ಯಾಸಬಲದಿಂದ ಅವಳ ಹೆಸರಿನ ಮುಂದೆ 'ಗೈರು' ಎಂದೇ ಬರೆದಿದ್ದೆನು. ಆ ಅಕ್ಷರಗಳು ಇಂದಿಗೂ ನನ್ನ ಕಣ್ಣಮುಂದಿವೆ.

ಬಳಿಕ ಸರಕಾರಿ ದವಾಖಾನೆಯ ವೃದ್ಧ ವೈದ್ಯರೊಬ್ಬರು ಕಾರ್ಖಾನೆಗೆ ಬಂದರು. ಅವರು ಮೊದಲು ಕೇಳಿದುದು ರೋಗಿಗಳನ್ನಲ್ಲ, ನನ್ನ ಹಾಜರಿ ಪುಸ್ತಕವನ್ನು. ಅದನ್ನು ತಿರುವಿ ಹಾಕಿ ನನ್ನ ಮುಖವನ್ನು ನೋಡಿ, "ತಮ್ಮಾ, ಯಾರು ಬರಲಿಲ್ಲ ಅನ್ನೂದನ್ನ ಚೆಂದಾಗಿ ಬರದೀಯಪಾ, ಯಾಕ ಬರಲಿಲ್ಲ ಅನ್ನೂದಕ್ಕ ಒಂದು ಖಾನೇನೂ ಹಾಕಿಲ್ಲಲ್ಲ?" ಎಂದರು. ಆಮೇಲೆ ಯಾವ ವಿಭಾಗದವರು ಎಲ್ಲಿ ನೀರು ಕುಡಿಯುವರೆಂದು ಒಬ್ಬೊಬ್ಬರನ್ನೂ ಕೇಳಿ ಹೆಸರಿನ ಮುಂದೆ ಗುರುತು ಮಾಡಿಸಿದರು. ಮನೆಯಿಂದ ನೀರು ತರುವವರಲ್ಲಿಯೂ, ಪಕ್ಕದ ತೋಟದ ಬಾವಿಗೆ ಹೋಗುವವರಲ್ಲಿಯೂ ಬೇನೆಬಿದ್ದವರು ಇಲ್ಲವೆನ್ನುವಷ್ಟು ವಿರಳ. ಅಂಗಳದ ತೊಟ್ಟಿಯನ್ನು ನಂಬಿದವರೇ ಮಲಗಿದ್ದರು. ಹೋಗಿ ನೋಡಿದರೆ ತೊಟ್ಟಿಯ ಮುಚ್ಚಳ ಒಡೆದಿತ್ತು. ಪಾಯಖಾನೆಯ ಮೋರಿಯು ಅದರ ಬುಡದಲ್ಲಿಯೇ ಹರಿಯುತ್ತಿತ್ತು. ಕೈಕಾಲು ತೊಳೆದವರು ಅದೇ ತಂಬಿಗೆಯನ್ನು ಅದರಲ್ಲಿ ಮುಳುಗಿಸುತ್ತಿದ್ದರು. ತೊಟ್ಟಿಯನ್ನು ಬರಿದು ಮಾಡಿ ತಿಕ್ಕಿಸಿ, ಮೋರಿಯನ್ನು ತಿರುಗಿಸಿ, ಮುಚ್ಚಳವನ್ನೂ ನಲ್ಲಿಯನ್ನೂ ಹಾಕಿಸಿ, ನೀರಿಗೆ ಬ್ಲೀಚಿಂಗ್ ಪುಡಿಯನ್ನು ಸೇರಿಸುವ ಏರ್ಪಾಡಾಯಿತು. ಕೆಲವು ವಾರಗಳಲ್ಲಿ ಹಾಜರಿಯು ತಾನಾಗಿಯೇ ಮೊದಲಿನಂತಾಯಿತು. ಧಣಿಗಳು ಕೆಟ್ಟವರಾಗಿರಲಿಲ್ಲ. ಮುರಿದುಕೊಂಡ ಪಗಾರವನ್ನೆಲ್ಲ ಹಿಂದಕ್ಕೆ ಕೊಡಿಸಿದರು. ಆ ಪಗಾರದ ಮೊತ್ತಕ್ಕಿಂತಲೂ ಮುಚ್ಚಳದ ಬೆಲೆ ಕಡಿಮೆಯಿತ್ತೆಂಬುದನ್ನು ಲೆಕ್ಕ ಬರೆದ ನಾನೇ ಬಲ್ಲೆನು. ಆದರೆ ಹೋದ ಜೀವವು ಹಿಂದಕ್ಕೆ ಬರಲಿಲ್ಲ.

ಆ ವೈದ್ಯರು ಮಾಡಿದುದು ಹೊಸ ಯುಕ್ತಿಯಲ್ಲವೆಂದು ನಾನು ಮುಂದೆ ಓದಿ ತಿಳಿದೆನು. 1854ನೆಯ ಇಸವಿಯ ಆಗಸ್ಟ್ ತಿಂಗಳ ಕೊನೆಯಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಲೂ ಕಾಲರಾ ಬೇನೆಯು ಭಯಂಕರವಾಗಿ ಹಬ್ಬಿತು. ಜಾನ್ ಸ್ನೋ ಎಂಬ ವೈದ್ಯನು ಮನೆಮನೆಗೆ ಹೋಗಿ, ಸತ್ತವರು ಯಾವ ನೀರನ್ನು ಕುಡಿದಿದ್ದರೆಂದು ವಿಚಾರಿಸಿದನು. ಆ ಬೀದಿಯಲ್ಲಿ ಬಂದೂಕಿನ ಕೇಪುಗಳನ್ನು ಮಾಡುವ ಒಂದು ಕಾರ್ಖಾನೆಯಿದ್ದಿತು. ಅಲ್ಲಿ ಸುಮಾರು 200 ಮಂದಿ ಕೆಲಸಗಾರರು. ಅವರಿಗಾಗಿ ಬೀದಿಯ ಪಂಪಿನ ನೀರನ್ನು ಎರಡು ದೊಡ್ಡ ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು. ಇವರಲ್ಲಿ 18 ಮಂದಿ ಕಾಲರಾದಿಂದ ಮಡಿದರು. ಅದೇ ಬೀದಿಯಲ್ಲಿದ್ದ ಒಂದು ಬಿಯರ್ ಭಟ್ಟಿಯ 70ಕ್ಕೂ ಮಿಕ್ಕ ಆಳುಗಳಲ್ಲಿ ಒಬ್ಬನೂ ಸಾಯಲಿಲ್ಲ; ಏಕೆಂದರೆ ಅಲ್ಲಿ ಬೇರೆ ಆಳವಾದ ಬಾವಿಯಿದ್ದು, ಬೀದಿಯ ನೀರನ್ನು ಅವರು ಮುಟ್ಟುತ್ತಿರಲಿಲ್ಲ. ಅವರು ತಮ್ಮ ಭಟ್ಟಿಯ ಪಾನೀಯವನ್ನೂ ಕುಡಿಯುತ್ತಿದ್ದರೆಂಬುದು ನಿಜ. ಆದರೆ ಇದರಿಂದ ಮದ್ಯವು ಔಷಧವೆಂದು ಈ ಸಭೆಯಲ್ಲಿ ಯಾರೂ ಅರ್ಥಮಾಡಬಾರದಾಗಿ ಪ್ರಾರ್ಥಿಸುತ್ತೇನೆ! ಸಮೀಪದ ಅನಾಥಾಲಯದಂತಹ ದುಡಿಮೆಯ ಮನೆಯೊಂದರಲ್ಲಿ 535 ಮಂದಿ ಬಡವರಿದ್ದರು. ಅಲ್ಲಿಗೂ ಸ್ವಂತ ಬಾವಿಯಿದ್ದುದರಿಂದ ಕಾಲರಾದಿಂದ ಸತ್ತವರು ಐವರು ಮಾತ್ರ. ಸೆಪ್ಟೆಂಬರ್ 8ರಂದು ಆ ಬೀದಿಯ ಪಂಪಿನ ಹಿಡಿಯನ್ನು ಕಿತ್ತುಹಾಕಿಸಿದರು.

ಬಂಧುಗಳೇ, ಈ ಮೂರೂ ಸ್ಥಳಗಳಿಗೆ ಒಂದೇ ಆಕಾಶ, ಒಂದೇ ಗಾಳಿ. ಬೇರೆಯಾಗಿದ್ದುದು ದುಡಿಯುವಲ್ಲಿ ಕುಡಿಯುವ ನೀರು. ಕೇಪಿನ ಕಾರ್ಖಾನೆಯವರು ತೊಟ್ಟಿಯನ್ನಿಟ್ಟುದು ಒಳ್ಳೆಯ ಮನಸ್ಸಿನಿಂದಲೇ. ಒಳ್ಳೆಯ ಮನಸ್ಸೊಂದೇ ಸಾಲದು, ಅದರ ಜೊತೆಗೆ ಅರಿವೂ ಬೇಕೆಂಬುದೇ ಇದರ ಪಾಠವಾಗಿದೆ.

ಇನ್ನು ಧೂಳಿನ ವಿಷಯ. ಇಟಲಿ ದೇಶದ ಮೋದೆನಾ ನಗರದಲ್ಲಿ ಬರ್ನಾರ್ದಿನೋ ರಾಮಾತ್ಸೀನಿ ಎಂಬ ವೈದ್ಯನಿದ್ದನು. ಒಂದು ದಿನ ಅವನ ಮನೆಯ ಮಲದ ಗುಂಡಿಯನ್ನು ಬಳಿಯಲು ಬಂದ ಬಡವನೊಬ್ಬನು ಉಸಿರುಕಟ್ಟಿಕೊಂಡು ಅವಸರದಿಂದ ಕೆಲಸಮಾಡುತ್ತಿದ್ದುದನ್ನು ಕಂಡು, ಇಷ್ಟು ತ್ವರೆಯೇಕೆಂದು ಕೇಳಿದನು. ಹೆಚ್ಚು ಹೊತ್ತು ಅಲ್ಲಿದ್ದರೆ ಕಣ್ಣುಗಳೇ ಹೋಗುವವೆಂದು ಅವನು ಉತ್ತರಿಸಿದನಂತೆ. ಆ ಒಂದು ಉತ್ತರದಿಂದ ರಾಮಾತ್ಸೀನಿಯ ಮನಸ್ಸು ತಿರುಗಿತು. ಅವನು ನಾನಾ ಕಸುಬಿನವರ ಅಂಗಡಿ ಕಾರ್ಖಾನೆಗಳಿಗೆ ಹೋಗಿ ನೋಡಿ, ಕಸುಬುಗಳಿಂದ ಬರುವ ರೋಗಗಳನ್ನು ಕುರಿತು 1700ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ರೋಗಿಯನ್ನು ಕೇಳುವ ಪ್ರಶ್ನೆಗಳಲ್ಲಿ 'ನಿನ್ನ ಕಸುಬೇನು?' ಎಂಬುದನ್ನೂ ಸೇರಿಸಬೇಕೆಂದು ವೈದ್ಯರಿಗೆ ಬೋಧಿಸಿದವನು ಅವನೇ.

ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲಿಯೂ ಕೇಳಬೇಕಾಗಿದ್ದಿತು. ದಾವಣಗೆರೆ, ಹುಬ್ಬಳ್ಳಿ, ಗದಗು ಮೊದಲಾದ ಊರುಗಳು ಹತ್ತಿಯಿಂದ ಬೆಳೆದವುಗಳು. ಹತ್ತಿಯ ಗಿರಣಿಗಳ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಬೇನೆಯು ತಟ್ಟುತ್ತದೆ. ಇದರ ಲಕ್ಷಣವು ವಿಚಿತ್ರವಾದುದು. ವಾರದ ರಜೆಯನ್ನು ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿದು ಉಸಿರು ಸಿಕ್ಕುವುದು. ಮುಂದಿನ ದಿನಗಳಲ್ಲಿ ಅದು ಇಳಿಯುವುದು. ಸೋಮವಾರದ ಗೈರುಹಾಜರಿಯನ್ನು ಭಾನುವಾರದ ಮೋಜಿನ ಫಲವೆಂದು ತಿಳಿಯುವ ಮುಕಾದಮನು ಎಷ್ಟು ಸುಲಭವಾಗಿ ಮೋಸಹೋಗಬಹುದೆಂಬುದನ್ನು ಯೋಚಿಸಿ ನೋಡಿರಿ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ಸೂಕ್ಷ್ಮವಾದ ಧೂಳು ಕಾರ್ಮಿಕರ ಪುಪ್ಪುಸಗಳಲ್ಲಿ ನೆಲೆಗೊಂಡು ಸಿಲಿಕೋಸಿಸ್ ರೋಗವನ್ನು ತಂದುದನ್ನು 1940ರ ದಶಕದಲ್ಲಿ ವೈದ್ಯರು ಪರಿಶೀಲಿಸಿ ತಿಳಿಸಿದರು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಕಲ್ಲು ಕೊರೆಯುವ, ಒಡೆಯುವ, ಕೆತ್ತುವ ಕೆಲಸವು ನಮ್ಮ ಹಳ್ಳಿಗಳ ಅಂಚಿನಲ್ಲಿ ಇಂದಿಗೂ ನಡೆದಿದೆ. ಈ ರೋಗವನ್ನು ವಾಸಿಮಾಡುವ ಔಷಧವಿಲ್ಲ. ತಡೆಯುವ ಉಪಾಯ ಮಾತ್ರ ಉಂಟು. ಕಲ್ಲನ್ನು ನೀರಿನಿಂದ ತೋಯಿಸಿ ಕೊರೆಯುವುದು, ಧೂಳು ಹುಟ್ಟುವಲ್ಲಿಯೇ ಅದನ್ನು ಹೀರಿಕೊಳ್ಳುವ ಯಂತ್ರವನ್ನಿಡುವುದು, ನೆಲವನ್ನು ಒಣಗಿದಂತೆಯೇ ಗುಡಿಸದೆ ಒದ್ದೆಮಾಡಿ ಬಳಿಯುವುದು, ತಕ್ಕ ಮುಖವಾಡವನ್ನು ಕೊಡುವುದು. ಮೂಗಿಗೆ ಕಟ್ಟಿದ ಕರವಸ್ತ್ರವು ಸೂಕ್ಷ್ಮವಾದ ಧೂಳನ್ನು ತಡೆಯಲಾರದು.

ಧೂಳಿಲ್ಲದ ಕಚೇರಿಗಳಲ್ಲಿ ಕುಳಿತವರು ತಮಗೆ ಈ ಚಿಂತೆಯಿಲ್ಲವೆಂದು ನಿಶ್ಚಿಂತರಾಗಬಾರದು. ಅಮೆರಿಕಾ ದೇಶದ ಮ್ಯಾಸಚೂಸೆಟ್ಸ್ ಸಂಸ್ಥಾನದ ಒಂದು ದೊಡ್ಡ ಉದ್ಯಮದ 40 ಕಟ್ಟಡಗಳಲ್ಲಿ ದುಡಿಯುತ್ತಿದ್ದ 3,720 ಮಂದಿಯ 1994ನೆಯ ವರ್ಷದ ಬೇನೆರಜೆಗಳನ್ನು ಸಂಶೋಧಕರು ಪರಿಶೀಲಿಸಿ, 2000ದಲ್ಲಿ ಪ್ರಕಟಿಸಿದರು. ಒಬ್ಬೊಬ್ಬ ಮನುಷ್ಯನಿಗೆ ಸೆಕೆಂಡಿಗೆ ಸುಮಾರು 24 ಲೀಟರಿನಷ್ಟು ಹೊರಗಾಳಿಯು ದೊರೆಯುತ್ತಿದ್ದ ಸ್ಥಳಗಳಿಗಿಂತ 12 ಲೀಟರು ಮಾತ್ರ ದೊರೆಯುತ್ತಿದ್ದ ಸ್ಥಳಗಳಲ್ಲಿ ಅಲ್ಪಾವಧಿಯ ಬೇನೆರಜೆಗಳು ಹೆಚ್ಚಾಗಿದ್ದವು. ಕಚೇರಿಯವರ ಇಂಥ ರಜೆಗಳಲ್ಲಿ ನೂರಕ್ಕೆ ಸುಮಾರು 35 ಪಾಲು ಗಾಳಿಯ ಕೊರತೆಗೆ ಸಂಬಂಧಪಟ್ಟುದೆಂದು ಅವರು ಗಣಿಸಿದರು. 2020ರಲ್ಲಿ ಕೋವಿಡ್ ಬೇನೆಯು ಲೋಕವನ್ನೆಲ್ಲ ಆವರಿಸಿದಾಗ, ಮುಚ್ಚಿದ ಕೋಣೆಯ ಗಾಳಿಯು ಎಷ್ಟು ಅಪಾಯಕರವೆಂಬುದನ್ನು ನಾವೆಲ್ಲರೂ ದುಃಖದಿಂದ ಕಲಿತೆವು. ಕ್ಷಯವೂ ಕೆಮ್ಮಿದವನ ಉಸಿರಿನೊಡನೆ ಗಾಳಿಯಲ್ಲಿ ಹರಡುವ ರೋಗವೇ. ಎದುರುಬದುರಾದ ಎರಡು ಕಿಟಕಿಗಳನ್ನು ತೆರೆದಿಡುವುದಕ್ಕೆ ಹಣವೇನೂ ಬೇಕಾಗದು. ಆದರೆ ಎಷ್ಟು ಕಚೇರಿಗಳಲ್ಲಿ ಕಿಟಕಿಗೆ ಅಡ್ಡವಾಗಿ ಹಳೆಯ ದಫ್ತರದ ಕಪಾಟುಗಳು ನಿಂತಿವೆಯೆಂಬುದನ್ನು ಎಣಿಸಿ ನೋಡಿರಿ!

ಮೂರನೆಯದು ಕೈಗಳ ಶುದ್ಧಿ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆಯ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಹೆಣಗಳನ್ನು ಕೊಯ್ದು ಬಂದ ವೈದ್ಯರು ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈತೊಳೆಯದೆ ಬಾಣಂತಿಯರನ್ನು ಮುಟ್ಟಕೂಡದೆಂದು ಕಟ್ಟುಮಾಡಿದನು. ಹಿಂದಿನ ವರುಷ ನೂರಕ್ಕೆ ಹತ್ತಕ್ಕೂ ಮೀರಿದ್ದ ತಾಯಂದಿರ ಸಾವು, 1848ರಲ್ಲಿ ನೂರಕ್ಕೆ ಒಂದೆರಡಕ್ಕೆ ಇಳಿಯಿತು. ಆದರೂ ಅವನ ಕಾಲದ ದೊಡ್ಡವರು ಅವನ ಮಾತನ್ನು ನಂಬಲಿಲ್ಲ. ವಿದ್ಯಾವಂತರ ಕೈಗಳಲ್ಲಿಯೂ ಮೈಲಿಗೆಯಿರಬಹುದೆಂದು ಒಪ್ಪಿಕೊಳ್ಳುವುದು ಅವರಿಗೆ ಅಪಮಾನಕರವಾಗಿ ತೋರಿತು. ನಮ್ಮಲ್ಲಿಯೂ ಜಾತಿಯ ಮಡಿಮೈಲಿಗೆಯನ್ನು ಎಣಿಸುವವರು ಬಹುಮಂದಿ. ಊಟಕ್ಕೆ ಮುಂಚೆ ಸಾಬೂನಿನಿಂದ ಕೈತೊಳೆಯುವವರು ಅಷ್ಟುಮಂದಿಯಿಲ್ಲ. ಬೇನೆಯ ಬೀಜವು ಜಾತಿಯನ್ನು ಕೇಳುವುದಿಲ್ಲ. ಸಾಬೂನನ್ನು ಮಾತ್ರ ಅಂಜುತ್ತದೆ.

ಇಲ್ಲಿ ತಾಯಂದಿರ ಪರವಾಗಿ ಒಂದು ಮಾತನ್ನು ನಾಚಿಕೆಯನ್ನು ಬಿಟ್ಟು ಹೇಳಬೇಕಾಗಿದೆ. ದುಡಿಯುವ ಸ್ಥಳದಲ್ಲಿ ಬಾಗಿಲು, ನೀರು, ಬೆಳಕುಗಳುಳ್ಳ ಶುದ್ಧವಾದ ಶೌಚಗೃಹವಿಲ್ಲದಿದ್ದರೆ ಹೆಣ್ಣುಮಕ್ಕಳು ದಿನವಿಡೀ ನೀರನ್ನೇ ಕುಡಿಯದೆ ತಡೆದುಕೊಳ್ಳುವರು. ಇದರಿಂದ ಮೂತ್ರಕೋಶದ ಬೇನೆಗಳು ಉಂಟಾಗುವವು. ತಿಂಗಳ ದಿನಗಳಲ್ಲಿ ಬೇರೆ ಉಪಾಯವಿಲ್ಲದೆ ಮನೆಯಲ್ಲುಳಿಯುವರು. ಪುಸ್ತಕದಲ್ಲಿ ಇದೂ 'ಗೈರು' ಎಂದೇ ದಾಖಲಾಗುತ್ತದೆ. ತಪ್ಪು ಬಾರದವಳದೋ, ಬಾಗಿಲನ್ನು ಹಾಕಿಸದವನದೋ ಎಂಬುದನ್ನು ತಾವೇ ನಿರ್ಣಯಿಸಿರಿ.

ಇವೆಲ್ಲವನ್ನು ನಮ್ಮ ದೇಶದ ಕಾಯಿದೆಯು ಮರೆತಿರಲಿಲ್ಲ. 1948ರ ಕಾರ್ಖಾನೆಗಳ ಕಾಯಿದೆಯು ಕೆಲಸದ ಕೋಣೆಯ ನೆಲವನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕೆಂದೂ, ಸುಣ್ಣ ಬಳಿಯುವ ಗೋಡೆಗಳಿಗೆ 14 ತಿಂಗಳಿಗೊಮ್ಮೆಯಾದರೂ ಸುಣ್ಣವಾಗಬೇಕೆಂದೂ, ಕುಡಿಯುವ ನೀರಿನ ಸ್ಥಳಕ್ಕೆ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಹೆಸರು ಬರೆದು ಅದನ್ನು ಶೌಚಸ್ಥಾನಗಳಿಂದ ದೂರವಿಡಬೇಕೆಂದೂ ವಿಧಿಸಿತು. ಉಗುಳುವುದಕ್ಕೆ ಪೀಕದಾನಿಗಳನ್ನಿಡಬೇಕೆಂದೂ, ಕಂಡಕಂಡಲ್ಲಿ ಉಗುಳಿದವನಿಗೆ ಐದು ರೂಪಾಯಿಗಳ ವರೆಗೆ ದಂಡವೆಂದೂ ಅದರಲ್ಲಿ ಬರೆದಿತ್ತು. ಈ ಕಾಯಿದೆಯನ್ನೂ ಇತರ ಹಲವು ಕಾಯಿದೆಗಳನ್ನೂ ಒಂದೇ ಸಂಹಿತೆಯಲ್ಲಿ ಒಟ್ಟುಗೂಡಿಸಲು ಸಂಸತ್ತು 2020ರಲ್ಲಿ ಶಾಸನವನ್ನು ಅಂಗೀಕರಿಸಿತು. ಬೇನೆಬಿದ್ದ ಕಾರ್ಮಿಕನಿಗೆ ಚಿಕಿತ್ಸೆಯೂ ಪಗಾರದ ಒಂದು ಪಾಲೂ ದೊರೆಯುವಂತೆ ರಾಜ್ಯ ವಿಮಾ ಯೋಜನೆಯು 1952ರ ಫೆಬ್ರುವರಿ 24ರಂದು ಕಾನ್ಪುರದಲ್ಲಿ ಆರಂಭವಾಯಿತು. ಆದರೆ ಕಾಯಿದೆಯು ಕಾಗದದ ಮೇಲಿರುವುದು, ತೊಟ್ಟಿಯು ಅಂಗಳದಲ್ಲಿರುವುದು. ಇವೆರಡರ ನಡುವಿನ ದೂರವನ್ನು ನಡೆಯಬೇಕಾದವರು ನಾವು.

"ಇಷ್ಟೆಲ್ಲ ಸೌಕರ್ಯ ಮಾಡಿ, ಬೇನೆಯ ದಿನಕ್ಕೂ ಪಗಾರ ಕೊಟ್ಟರೆ ಸೋಮಾರಿಗಳು ಹೆಚ್ಚುವುದಿಲ್ಲವೇ?" ಎಂದು ವರ್ತಕ ಬಂಧುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸುಳ್ಳು ಹೇಳಿ ರಜೆ ಪಡೆಯುವವರೂ ಲೋಕದಲ್ಲಿ ಉಂಟು, ನಾನೂ ಕಂಡಿದ್ದೇನೆ. ಆದರೆ ಒಬ್ಬ ಸೋಮಾರಿಯು ನಷ್ಟಮಾಡುವುದು ತನ್ನ ಒಂದು ದಿನದ ಕೆಲಸವನ್ನು. ಪಗಾರದ ಭಯದಿಂದ ಜ್ವರವನ್ನು ಮುಚ್ಚಿಟ್ಟುಕೊಂಡು ಬಂದ ಪ್ರಾಮಾಣಿಕನು ತನ್ನ ಪಕ್ಕದ ಹತ್ತು ಮಂದಿಯನ್ನು ಮಲಗಿಸಬಲ್ಲನು, ತಾನೂ ಮತ್ತೆ ಏಳದಂತಾಗಬಹುದು. ಗೈರುಹಾಜರಿಯನ್ನು ಭಯದಿಂದ ತಗ್ಗಿಸಿದರೆ ಪುಸ್ತಕವು ಶುದ್ಧವಾಗುವುದೇ ಹೊರತು ಕಾರ್ಖಾನೆಯು ಶುದ್ಧವಾಗುವುದಿಲ್ಲ. ಬೇನೆಯ ಕಾರಣವನ್ನು ತೆಗೆದರೆ ಎರಡೂ ಶುದ್ಧವಾಗುವವು.

ಮತ್ತೊಂದು ಮಾತು. ಸ್ಥಳವನ್ನು ಶುದ್ಧವಾಗಿಡಿರೆಂದು ಹೇಳುವುದು ಸುಲಭ. ಅದನ್ನು ತೊಳೆಯುವ ಕೈಗಳು ಯಾರವು? ಮೋರಿಯನ್ನು ಬಳಿಯುವವನಿಗೆ ಕೈಚೀಲಗಳಿಲ್ಲ, ಕಾಲಿಗೆ ಬೂಟಿಲ್ಲ, ಕೆಲಸ ಮುಗಿದ ಮೇಲೆ ಸ್ನಾನಕ್ಕೆ ನೀರಿಲ್ಲ. ಎಲ್ಲರಿಗಿಂತ ಮೊದಲು ಬೇನೆಬೀಳುವವನೂ ಅವನೇ. ನಮ್ಮ ಶುದ್ಧಿಯು ಅವನ ಆಯುಷ್ಯವನ್ನು ತಿಂದು ಬೆಳೆಯುವುದಾದರೆ ಅದು ಶುದ್ಧಿಯಲ್ಲ. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಬಾಯಲ್ಲಿ ಹೇಳುವ ನಾವು ಮೊದಲನೆಯ ಸಾಬೂನನ್ನೂ ಮೊದಲನೆಯ ಕೈಚೀಲವನ್ನೂ ಅವನಿಗೆ ಕೊಟ್ಟು ಅದನ್ನು ತೋರಿಸಬೇಕು.

ಕೊನೆಯದಾಗಿ, ಶ್ರೀಮಠವೂ ಒಂದು ಕಾಯಕಸ್ಥಾನವೇ ಅಲ್ಲವೇ? ದಾಸೋಹದ ಅಡಿಗೆಮನೆ, ಪ್ರಸಾದನಿಲಯ, ಪಾಠಶಾಲೆ, ಗೋಶಾಲೆ — ಇವುಗಳಲ್ಲಿ ಎಷ್ಟೋ ಮಂದಿ ಹಗಲಿರುಳು ದುಡಿಯುತ್ತಿದ್ದಾರೆ. ಈ ಉತ್ಸವದ ದಿನಗಳಲ್ಲಿ ಸಾವಿರಾರು ಜನರ ಪ್ರಸಾದವು ಅವರ ಕೈಯಿಂದ ಬರುತ್ತಿದೆ. ಒಲೆಯ ಹೊಗೆಯಲ್ಲಿ ಅವರ ಕಣ್ಣುಗಳು ಉರಿಯುವುದನ್ನೂ ನಾವು ಕಂಡಿದ್ದೇವೆ. ಅಡಿಗೆಯವನಿಗೆ ಭೇದಿಯೋ ಜ್ವರವೋ ಬಂದರೆ, ಸಂಬಳ ಮುರಿಯದೆ ಅವನನ್ನು ಮನೆಗೆ ಕಳುಹಿಸುವುದು ಅವನಿಗೆ ಮಾಡುವ ದಯೆಯಷ್ಟೇ ಅಲ್ಲ, ಪಂಕ್ತಿಯಲ್ಲಿ ಕುಳಿತ ಪ್ರತಿಯೊಂದು ಮಗುವಿನ ರಕ್ಷಣೆಯೂ ಆಗಿದೆ.

ಆದುದರಿಂದ ಈ ಸುವರ್ಣ ಮಹೋತ್ಸವದ ನೆನಪಿಗಾಗಿ ಮೂರು ಸಣ್ಣ ಸಂಕಲ್ಪಗಳನ್ನು ಮಾಡೋಣವೆಂದು ಶ್ರೀಗಳವರ ಸನ್ನಿಧಿಯಲ್ಲಿಯೂ ತಮ್ಮೆಲ್ಲರಲ್ಲಿಯೂ ಬಿನ್ನವಿಸಿಕೊಳ್ಳುತ್ತೇನೆ. ಮೊದಲನೆಯದು: ನಮ್ಮ ಅಂಗಡಿ, ಗಿರಣಿ, ಶಾಲೆ, ಕಚೇರಿಗಳಲ್ಲಿ ಕುಡಿಯುವ ನೀರಿನ ತೊಟ್ಟಿಗೆ ಮುಚ್ಚಳವೂ ನಲ್ಲಿಯೂ ಇರಲಿ, ಅದನ್ನು ತೊಳೆದ ದಿನವನ್ನು ಅದರ ಮೇಲೆಯೇ ಬರೆಯಲಿ. ಎರಡನೆಯದು: ಕೈತೊಳೆಯುವಲ್ಲಿ ಸಾಬೂನು, ಕಿಟಕಿಯಲ್ಲಿ ಗಾಳಿ, ಹೆಣ್ಣುಮಕ್ಕಳ ಶೌಚಗೃಹಕ್ಕೆ ಬಾಗಿಲು ತಪ್ಪದೆ ಇರಲಿ. ಮೂರನೆಯದು: ನಮ್ಮ ಹಾಜರಿ ಪುಸ್ತಕಗಳಲ್ಲಿ ಇನ್ನೊಂದು ಖಾನೆಯನ್ನು ಎಳೆಯೋಣ. ಯಾರು ಬರಲಿಲ್ಲವೆಂದು ಬರೆಯುವ ಕೈಯು, ಏಕೆ ಬರಲಿಲ್ಲವೆಂದೂ ಕೇಳಿ ಬರೆಯಲಿ. ಆ ಖಾನೆಯನ್ನು ತಿಂಗಳಿಗೊಮ್ಮೆ ಧಣಿಯೂ ದುಡಿಯುವವರೂ ಒಟ್ಟಿಗೆ ಕುಳಿತು ಓದಲಿ.

ಆ ಒಂದು ಖಾನೆಯನ್ನು ನಾನು ಅಂದೇ ಎಳೆದಿದ್ದರೆ, ಎರಡು ಮಕ್ಕಳಿಗೆ ತಾಯಿಯು ಉಳಿಯುತ್ತಿದ್ದಳೋ ಏನೋ! ಬೇರೆ ಯಾವ ಕಾರಕೂನನಿಗೂ ಇಂಥ ನೆನಪು ಬಾರದಿರಲೆಂದು ಪ್ರಾರ್ಥಿಸಿ, ನನ್ನ ಈ ಅಲ್ಪ ಸೇವೆಯನ್ನು ಶ್ರೀಚರಣಗಳಿಗೆ ಅರ್ಪಿಸುತ್ತೇನೆ.